ಒಳಗಿನ ಫೋಟೊಗಳು

"ಹೆಂಗಸರ ಫೋಟೊ ಗಂಡಸರ ಫೋನಿನ್ಯಾಗ ಹೆಂಗ ಬಂದೂವು, ನಿಷತ?"

ರೋಷನಬಿ ಕೇಳಿದ್ದು ಇಷ್ಟೇ. ಫೋನಿನಲ್ಲಿ ಅವಳ ದನಿ ತಗ್ಗಿತ್ತು. ನಾಲತವಾಡದ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ಮಾತಾಡಿದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸುವ ಹೆಂಗಸು ಅವಳು. ಅಂಥವಳು ಬಾಯಿಗೆ ಸೆರಗು ಒತ್ತಿಕೊಂಡವಳಂತೆ ಮಾತಾಡಿದ್ದು ಕೇಳಿ, ಮುದ್ದೇಬಿಹಾಳದ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ನಿಷತಳ ಕೈ ಮೌಸಿನ ಮೇಲೆಯೇ ನಿಂತಿತು. ತೆರೆಯ ಮೇಲೆ ಕಾಳಪ್ಪ ಎಂಬ ಗಿರಾಕಿಯ ಪಾಸ್‌ಪೋರ್ಟ್ ಸೈಜಿನ ಮುಖ ಅರ್ಧ ಬೆಳ್ಳಗಾಗಿ ಅರ್ಧ ಹಾಗೆಯೇ ಉಳಿದಿತ್ತು. ಕಾಳಪ್ಪ ಒದ್ದೆ ತಲೆ ಬಾಚಿಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದ.

"ಯಾವ ಫೋಟೊ, ಖಾಲಾ?"

"ನಮ್ಮ ಮಗಳು ಹುಮಾನ ಲಗ್ನದ್ದು. ಒಳಗಿನೂವು. ಮೆಹಂದಿ ಹಚ್ಚಿದ್ದು, ಹಾಡಿದ್ದು, ಕುಣಿದದ್ದು, ಎಲ್ಲಾ. ಅಳಿಯಾ ಈಗ ಫೋನ್ ಮಾಡಿದ್ದ. ಅವನ ಕೂಡ ಸಿಂದಗಿ ಟ್ರ್ಯಾಕ್ಟರ್ ಶೋರೂಮಿನ್ಯಾಗ ಕೆಲಸ ಮಾಡೋ ಒಬ್ಬಾಂವ ಮುಂಜಾನೆ ಎದ್ದ ಕೂಡಲೆ ಕೇಳಿದನಂತ, ಕೈತುಂಬ ಮೆಹಂದಿ ಹಚಗೊಂಡು ನಗಾಕತ್ತಾಳಲ್ಲ, ಆಕಿ ಯಾರು ಅಂತ. ಅಳಿಯಾ ಪಾಪ, ಅವಗೇನ್ ಗೊತ್ತು? ನಮ್ಮ ಅತ್ತಿ ಮನಿ ಬಾಜೂಕ ದುರ್ಗವ್ವ ಅಂತ ಅದಾಳ, ಆಕಿ ಮನ್ಯಾಗ ಇರ್ತಾಳ ಅಂತ ಹೇಳಿಬಿಟ್ಟಾನ."

ನಿಷತಳಿಗೆ ಇನ್ನು ಕೇಳುವುದೇನೂ ಇರಲಿಲ್ಲ. ಆದರೂ ಕೇಳಿದಳು.

"ಕೇಳಿದವನ ಹೆಸರೇನಂತ?"

"ಪ್ರೇಮಕುಮಾರ."

ದುರ್ಗವ್ವನ ಮನೆಯಲ್ಲಿ ಅಡಗಿಕೊಂಡಿದ್ದ ಸುಮಂಗಲಾಳ ಗಂಡ! "ಅಕ್ಕಾರ, ಫೋಟೊ ಆತೇನ್ರಿ?" ಎಂದು ಕಾಳಪ್ಪ ಕೇಳಿದ್ದು ಎಲ್ಲೋ ಆಚೆ ಓಣಿಯಿಂದ ಕೇಳಿದಂತಾಯಿತು.

ಈ ಸ್ಟುಡಿಯೋಕ್ಕೆ ಒಂದು ಹಳೆಯ ರೀತಿಯಿತ್ತು. ನಿಷತಳ ಮಾವ ಫಕೀರಸಾಬರು ಲಗ್ನದ ಮನೆಗೆ ಹೋದರೆ ಹೊರಗಿನ ಫೋಟೊ ತಾವು ತೆಗೆಯುತ್ತಿದ್ದರು, ಒಳಗಿನ ಫೋಟೊ ಅವರ ಹೆಂಡತಿ. ಆಲ್ಬಮ್ಮು ಎರಡು, ಪೆಟ್ಟಿಗೆ ಒಂದೇ. ಒಂದು ಮನೆಯ ಶುಭಕಾರ್ಯವನ್ನು ಎರಡು ಪೆಟ್ಟಿಗೆಯಲ್ಲಿ ಹಾಕಬಾರದು ಎಂದು ಅವರ ನಂಬಿಕೆ. ಆದರೆ ಒಳಗಿನ ಆಲ್ಬಮ್ಮನ್ನು ಅತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕುತ್ತಿದ್ದರು. ಪೆಟ್ಟಿಗೆ ಹತ್ತು ಮನೆ ತಿರುಗಲಿ, ಚಹಾದಂಗಡಿಯ ಟೇಬಲ್ಲಿನ ಮೇಲೆ ಕೂರಲಿ, ಆ ಗಂಟನ್ನು ಯಾವ ಗಂಡಸೂ ಬಿಚ್ಚಿದ್ದು ನಿಷತ ಕೇಳಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಕ್ಯಾಮರಾ ನಿಷತಳ ಕೈಗೆ ಬಂತು. ಅದರ ಜೊತೆಗೇ ಸುತ್ತಲಿನ ಊರುಗಳ ಹೆಂಗಸರ ನಂಬಿಕೆಯೂ ಬಂತು. ಹಿಂದೂ ಮನೆಗಳಿಂದಲೂ ಸೀಮಂತಕ್ಕೆ, ತೊಟ್ಟಿಲಿಗೆ ಇವಳನ್ನೇ ಕರೆಯುತ್ತಿದ್ದರು. ನಿಷತ ತೆಗೆದದ್ದು ಎಲ್ಲಿಗೂ ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಹಾರ್ಡ್‌ಡಿಸ್ಕು ಒಮ್ಮೆ ಕೈಕೊಟ್ಟು ಇಡೀ ಒಂದು ಲಗ್ನವೇ ಮಾಯವಾದ ಮೇಲೆ ಗಂಡ ತಬ್ರೇಜ ಕಂಪ್ಯೂಟರಿನಲ್ಲಿ ಒಂದು ಹೊಸ ಫೋಲ್ಡರು ಮಾಡಿಕೊಟ್ಟಿದ್ದ. ಅದರ ಮೇಲೊಂದು ಸಣ್ಣ ಮೋಡದ ಗುರುತು. "ಇದರಾಗ ಹಾಕಿದ್ದು ತಾನ ಮ್ಯಾಲೆ ಏರತೈತಿ. ಹಸರ ಗುರ್ತು ಬಂತಂದ್ರ ಮುಗೀತು, ಕಂಪ್ಯೂಟರ್ ಸುಟ್ಟ ಹೋದ್ರೂ ಫೋಟೊ ಇರ್ತಾವು," ಎಂದು ಹೇಳಿಕೊಟ್ಟಿದ್ದ. ಲಗ್ನಕ್ಕೊಂದು ಫೋಲ್ಡರು, ಫೋಲ್ಡರಿಗೊಂದು ಲಿಂಕು. ಲಿಂಕನ್ನು ಮದುಮಗನಿಗೆ ಕಳಿಸಿದರೆ ಅವನು ಬೀಗರಿಗೂ ಗೆಳೆಯರಿಗೂ ಹಂಚಿಕೊಳ್ಳುತ್ತಿದ್ದ. ಒಳಗಿನ ಫೋಟೊಗಳನ್ನು ಮಾತ್ರ ನಿಷತ ಬೇರೆ ಕಡೆ ಇಟ್ಟು, ಪೆನ್‌ಡ್ರೈವಿಗೆ ಹಾಕಿ, ಮನೆಯ ಹಿರಿಯ ಹೆಂಗಸಿನ ಕೈಯಲ್ಲೇ ಕೊಟ್ಟುಬರುತ್ತಿದ್ದಳು.

ನಿನ್ನೆ ತಬ್ರೇಜ ಇಂಡಿ ಪಟ್ಟಣದ ಒಂದು ಲಗ್ನದ ಕೆಲಸಕ್ಕೆ ಹೊರಟಿದ್ದ, ಅವನಿಗೆ ಖಾಲಿ ಮೆಮೊರಿ ಕಾರ್ಡು ಬೇಕಿತ್ತು. ಅವಸರದಲ್ಲಿ ನಿಷತ ಹುಮಾಳ ಲಗ್ನದ ಒಳಗಿನ ಫೋಟೊಗಳನ್ನೆಲ್ಲ ಒಂದು ಫೋಲ್ಡರು ಮಾಡಿ, ಅದನ್ನು ಲಗ್ನದ ದೊಡ್ಡ ಫೋಲ್ಡರಿನೊಳಗೆ ಎಳೆದು ಬಿಟ್ಟಳು. ಒಂದು ಮನೆಯದು ಒಂದೇ ಪೆಟ್ಟಿಗೆಯಲ್ಲಿರಲಿ ಎಂದು. ಅದರ ಮೇಲೆ 'ಒಳಗಿನೂವು' ಎಂದು ಕನ್ನಡದಲ್ಲೇ ಬರೆದಳು. ಹಾಗೆ ಬರೆದ ಮೇಲೆ ಯಾರು ಬಿಚ್ಚುತ್ತಾರೆ? ಅವಳಿಗೆ ಸಂಶಯವೇ ಬರಲಿಲ್ಲ. ಹಸಿರು ಗುರುತು ಬರುವವರೆಗೆ ಕುಳಿತು ನೋಡಿ, ಕಾರ್ಡನ್ನು ಅಳಿಸಿ ಗಂಡನ ಬ್ಯಾಗಿಗೆ ಹಾಕಿದಳು. ಆಮೇಲೆ ಮದುಮಗ ಅಬ್ದುಲರಜಾಕನಿಗೆ, "ಉಳಿದ ಫೋಟೊ ಎಲ್ಲ ಏರ್ಯಾವು, ನೋಡ್ರಿ ಭಾಯಿ," ಎಂದು ಮೆಸೇಜನ್ನೂ ಕಳಿಸಿದಳು. ಊಟದ ಪಂಕ್ತಿಯ ಫೋಟೊ ಬರಲಿಲ್ಲವೆಂದು ಅವನು ಕೇಳುತ್ತಲೇ ಇದ್ದ. ಲಿಂಕು ಶೋರೂಮಿನವರ ಗುಂಪಿನಲ್ಲಿ ಮೊದಲೇ ಕುಳಿತಿತ್ತು.

ಈಗ ಅದೇ ಫೋಲ್ಡರು ತೆರೆದು ಕುಳಿತವಳ ಕಣ್ಣೆದುರು ಸುಮಂಗಲಾ ನಗುತ್ತಿದ್ದಳು.

ಆ ಫೋಟೊ ಸುಲಭಕ್ಕೆ ಬಂದದ್ದಲ್ಲ. ಲಗ್ನದ ಹಿಂದಿನ ದಿನ ರೋಷನಬಿಯ ಒಳಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಬಾಗಿಲಲ್ಲಿ ಒಂದು ಬುಟ್ಟಿಯಿಟ್ಟು ಎಲ್ಲರ ಫೋನೂ ಅದರಲ್ಲಿ ಹಾಕಿಸಿಕೊಂಡಿದ್ದರು. ಕ್ಯಾಮರಾ ಇದ್ದದ್ದು ನಿಷತಳ ಕೈಯಲ್ಲಿ ಮಾತ್ರ. ದುರ್ಗವ್ವನ ಹಿಂದೆ ಗೋಡೆಗೆ ಅಂಟಿ ಕುಳಿತಿದ್ದ ಹೆಂಗಸು ಕ್ಯಾಮರಾ ತನ್ನ ಕಡೆ ತಿರುಗಿದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಕೈಗೆ ಮಾತ್ರ ಮೆಹಂದಿ ಹಚ್ಚಿಸಿಕೊಂಡಿದ್ದಳು. ನಿಷತ ಹತ್ತಿರ ಹೋಗಿ, "ಕೈ ಎಷ್ಟ್ ಚಂದ ಆಗ್ಯಾವು ಅಕ್ಕಾ, ಎತ್ತರಿ ಒಮ್ಮೆ," ಎಂದಿದ್ದಳು. ಎಡಗೈಯ ಕಿರುಬೆರಳು ಸೊಟ್ಟಗೆ ನಿಂತಿತ್ತು, ಮಡಚಲು ಬರುತ್ತಿರಲಿಲ್ಲ.

"ಬಾಗಲದಾಗ ಇಟ್ಟು ಒತ್ತಿದ್ದ," ಎಂದು ಸುಮಂಗಲಾ ತಾನಾಗಿಯೇ ಹೇಳಿದಳು. ಬೇರೆ ಯಾರದೋ ಬೆರಳಿನ ಮಾತು ಎನ್ನುವಂತೆ. "ಮುಂದ ಕುತಗಿ ಹಿಡೀತಾನಂತ ಗೊತ್ತಾತು, ಎದ್ದು ಬಂದ್ನಿ. ದುರ್ಗವ್ವ ನಮ್ಮವ್ವನ ಗೆಳತಿ, ತಂಗಡಗಿಯಾಗ ಕೂಡಿ ಬೆಳದಾರ. ಅವಗ ಈ ಊರು ಗೊತ್ತಿಲ್ಲ. ಸೊಲ್ಲಾಪುರಕ್ಕ ಹೋಗ್ಯಾಳ ಅನಕೊಂಡಾನ. ಫೋಟೊ ಬ್ಯಾಡವ್ವಾ ನನಗ."

"ಇದು ಒಳಗಿಂದು ಅಕ್ಕಾ. ಗಂಡಸರ ಕಣ್ಣಿಗೆ ಬೀಳಂಗಿಲ್ಲ. ನನ್ನ ಮ್ಯಾಲೆ ಆಣಿ."

ಆಣೆ ಇಟ್ಟದ್ದು ತಾನೇ. ಯಾರೂ ಕೇಳಿರಲಿಲ್ಲ, ಒತ್ತಾಯ ಮಾಡಿರಲಿಲ್ಲ! ಸುಮಂಗಲಾ ಆಗ ನಿಧಾನಕ್ಕೆ ಎರಡೂ ಕೈ ಎತ್ತಿದಳು. ಹಾಡು ಹಾಡುತ್ತಿದ್ದ ರೇಣವ್ವ ಬೀಗರ ಮೀಸೆಯ ಬಗ್ಗೆ ಏನೋ ಅಂದಳು. ಸುಮಂಗಲಾಳಿಗೆ ತಡೆಯಲಾರದ ನಗು ಬಂತು, ಸೆರಗು ಜಾರಿತು. ಆ ಗಳಿಗೆಯಲ್ಲೇ ನಿಷತ ಒತ್ತಿದಳು. ಎಷ್ಟೋ ದಿನದ ಮೇಲೆ ನಕ್ಕೆ ಎಂದು ಸುಮಂಗಲಾ ಕಣ್ಣೊರೆಸಿಕೊಂಡಿದ್ದಳು.

ನಿಷತ ಮೌಸು ಹಿಡಿದು ಫೋಲ್ಡರನ್ನು ಅಳಿಸಿದಳು. ಅಷ್ಟಕ್ಕೇ ಸಮಾಧಾನವಾಗದೆ ಕಸದ ಬುಟ್ಟಿ ತೆರೆದು ಅದನ್ನೂ ಖಾಲಿ ಮಾಡಿದಳು. ಆಮೇಲೆ ಫೋನಿನಲ್ಲಿ ಲಿಂಕು ತೆರೆದು ಮೇಲೆ ಏರಿದ್ದನ್ನು ಹುಡುಕಿದಳು. ಅಲ್ಲೂ ಹೋಗಿತ್ತು. ಅಲ್ಲಿನ ಕಸದಲ್ಲಿ ಬಿದ್ದದ್ದನ್ನೂ ಹುಡುಕಿ ಅಳಿಸಿದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಇಂಡಿಯಲ್ಲಿದ್ದ ಗಂಡನಿಗೆ ಫೋನು ಮಾಡಿದಳು. ಅತ್ತ ಬ್ಯಾಂಡಿನ ಸದ್ದಿನಲ್ಲಿ ತಬ್ರೇಜನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅವನು ಬ್ಯಾಂಡಿನಿಂದ ದೂರ ಸರಿದು ನಿಂತ.

"ದೊಡ್ಡ ಫೋಲ್ಡರ್ ಶೇರ್ ಆಗಿತ್ತಂದ್ರ ಒಳಗ ಹಾಕಿದ್ದೆಲ್ಲಾ ಶೇರ್ ಆಗತೈತಿ, ನಿಷತ. ಹೆಸರ ಏನರ ಬರಿ, ಅದಕ್ಕೇನ್ ಗೊತ್ತಾಗತೈತಿ?"

"ಈಗ ಅಳಸೇನಿ. ಎಲ್ಲಾ ಕಡೆಯಿಂದ ಹೋಗೇತಿ. ಈಗ ಯಾರಿಗೂ ಕಾಣಂಗಿಲ್ಲಲ್ಲ?"

"ನಮ್ಮ ಕಡೆಯಿಂದ ಹೋಗೇತಿ. ಅವರು ತಮ್ಮ ಫೋನಿಗೆ ಇಳಿಸಿಕೊಂಡಿದ್ರ ಅದು ಅವರ ಹಂತ್ಯಾಕನ ಇರತೈತಿ. ಅದನ್ನ ನಾವು ಇಲ್ಲಿಂದ ಏನೂ ಮಾಡಾಕ ಬರಂಗಿಲ್ಲ." ತಬ್ರೇಜ ಉಸಿರುಬಿಟ್ಟ. "ಬಯ್ಯಾಕತ್ತಿಲ್ಲ ನಾ. ನೀ ಮೊದಲ ನಾಲತವಾಡಕ್ಕ ಹೋಗು. ಆಕೀನ ಅಲ್ಲಿಂದ ಎಲ್ಲಿಗರ ಕರಕೊಂಡು ಹೋಗು."

ಮೂಲೆಯ ಕುರ್ಚಿಯಲ್ಲಿ ತಸಬಿಯ ಮಣಿ ಎಣಿಸುತ್ತ ಕುಳಿತಿದ್ದ ಫಕೀರಸಾಬರಿಗೆ ಕಿವಿ ಮಂದ. ಆದರೂ ಸೊಸೆಯ ಮುಖ ನೋಡಿ ಅವರಿಗೆ ಬಹಳಷ್ಟು ತಿಳಿದಿತ್ತು.

"ಗಂಟ ಯಾವ ಬಿಚ್ಚಿದಾ?" ಎಂದರು.

"ಗಂಟ ಕಟ್ಟೇ ಇರಲಿಲ್ಲ ಮಾವಾ," ಎಂದಳು ನಿಷತ. ಅಷ್ಟು ಹೇಳುವುದರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು. ಮುದುಕರು ಎದ್ದು ಬಂದು ಸ್ಕೂಟಿಯ ಕೀಲಿಯನ್ನು ಅವಳ ಕೈಗೆ ಕೊಟ್ಟರು. "ಅಂಗಡಿ ನಾ ನೋಡ್ತೇನಿ. ನೀ ಹೊಂಡು," ಎಂದರು. ಕಾಳಪ್ಪನೂ ಎದ್ದು, ನನ್ನ ಫೋಟೊ ನಾಳೆ ಒಯ್ದರಾಯಿತು ಎಂದು ತಾನಾಗಿಯೇ ಹೊರಗೆ ಹೋದ.

ದಾರಿಯುದ್ದಕ್ಕೂ ತೊಗರಿ ಹೊಲಗಳು ಕಾಯಿಕಟ್ಟಿ ನಿಂತಿದ್ದವು. ನಿಷತಳಿಗೆ ಅದಾವುದೂ ಕಾಣಲಿಲ್ಲ. ತಲೆಯಲ್ಲಿ ಒಂದೇ ಲೆಕ್ಕಾಚಾರ. ಸಿಂದಗಿಯಿಂದ ಬರುವವನಿಗೆ ದಾರಿ ದೂರ, ತನಗೆ ಹತ್ತಿರ. ಸುಮಂಗಲಾಳನ್ನು ಹಿಂದೆ ಕೂರಿಸಿಕೊಂಡು ಬಸವನ ಬಾಗೇವಾಡಿಯ ಸ್ಟೇಶನ್ನಿಗೆ ಮುಟ್ಟಿಸಿದರಾಯಿತು. ಬಂದ ರೈಲು ಹತ್ತಿಸಿದರಾಯಿತು. ಈ ಸಲ ಖರೇನೇ ಸೊಲ್ಲಾಪುರಕ್ಕೆ ಹೋಗಲಿ, ಅಲ್ಲಿ ತನ್ನ ಚಿಕ್ಕಮ್ಮನ ಮನೆಯಿದೆ, ತಾನೇ ಜೊತೆಗೆ ಹೋದರೂ ಆಯಿತು. ಅಲ್ಲಾಹ್, ಇಷ್ಟು ಮಾಡಿಕೊಡು ಸಾಕು ಎಂದು ಬಾಯಿಬಿಟ್ಟೇ ಬೇಡಿಕೊಂಡಳು.

ಓಣಿಯ ತಿರುವಿನಲ್ಲೇ ಜೀಪು ಕಂಡಿತು.

ಪ್ರೇಮಕುಮಾರ ಮುಂಜಾನೆ ಎದ್ದ ಕೂಡಲೆ ಕೇಳಿದನೆಂದು ರೋಷನಬಿಯ ಅಳಿಯ ಹೇಳಿದ್ದ. ಕೇಳಿದವನು ಕೇಳಿದ ಕೂಡಲೇ ಗಾಡಿ ಹತ್ತಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ದುರ್ಗವ್ವನ ಮನೆಯ ಮುಂದೆ ಹತ್ತಾರು ಜನ ನಿಂತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಜೀಪಿಗೆ ಒರಗಿ ನಿಂತವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಹಣೆಗೆ ವಿಭೂತಿ ಹಚ್ಚಿದ್ದ. ನೋಡಿದರೆ ಯಾವುದೋ ಶಾಲೆಯ ಮಾಸ್ತರ ಅನ್ನಬೇಕು, ಅಂಥ ಮುಖ. ಅವನ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದವನು ಸುಮಂಗಲಾಳ ಅಣ್ಣ ಅಪ್ಪಾಸಾಬ. ರೋಷನಬಿ ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಪೊಲೀಸರಿಗೆ ಫೋನ್ ಹಚ್ಚತೇನಿ ನಾ," ಎನ್ನುತ್ತಿದ್ದಳು. "ಆಕಿ ಬೆರಳ ನೋಡಿರೇನು? ನೋಡಿರೇನು ಯಾರರ? ನೀ ಅಣ್ಣ ಅಲ್ಲೇನೋ ಆಕಿಗೆ? ನೋಡಿ ಹೇಳು!"

ಅಪ್ಪಾಸಾಬ ತಲೆ ಎತ್ತಲಿಲ್ಲ. "ನನಗೂ ಗೊತ್ತೈತ್ರೀ ಯವ್ವಾ," ಎಂದ. "ಏನ್ ಮಾಡ್ಲಿ?"

ಅವನ ತಾಪತ್ರಯ ಓಣಿಗೆಲ್ಲ ಆಗಲೇ ಗೊತ್ತಾಗಿತ್ತು. ಅದು ಕೊಟ್ಟು ತಂದ ಸಂಬಂಧ. ಸುಮಂಗಲಾಳನ್ನು ಪ್ರೇಮಕುಮಾರನಿಗೆ ಕೊಟ್ಟ ಮಂಟಪದಲ್ಲೇ ಅವನ ತಂಗಿಯನ್ನು ಅಪ್ಪಾಸಾಬನಿಗೆ ತಂದಿದ್ದರು. ಸುಮಂಗಲಾ ಮನೆ ಬಿಟ್ಟ ವಾರದಲ್ಲೇ ಪ್ರೇಮಕುಮಾರ ಬಂದು ತಂಗಿಯನ್ನು ಎಬ್ಬಿಸಿಕೊಂಡು ಹೋಗಿದ್ದ. ನನ್ನ ಹೆಂಡತಿ ನನ್ನ ಮನೆಗೆ ಬಂದ ದಿನ ನಿನ್ನ ಹೆಂಡತಿ ನಿನ್ನ ಮನೆಗೆ ಬರುತ್ತಾಳೆ ಎಂದಿದ್ದ. ಅಪ್ಪಾಸಾಬನ ಎರಡು ಕೂಸುಗಳು ಅಂದಿನಿಂದ ತಾಯಿಯಿಲ್ಲದೆ ಅಜ್ಜಿಯ ಹತ್ತಿರ ಇದ್ದವು. ಚಿಕ್ಕದು ಇನ್ನೂ ಹಾಲು ಕುಡಿಯುವುದು. ಇದಾವುದೂ ಸುಮಂಗಲಾಳಿಗೆ ಗೊತ್ತಿರಲಿಲ್ಲ. ಯಾರು ಎಲ್ಲಿಗೆ ಬಂದು ಹೇಳಬೇಕಿತ್ತು? ಅವಳು ಎಲ್ಲಿದ್ದಾಳೆಂದೇ ಯಾರಿಗೂ ತಿಳಿದಿರಲಿಲ್ಲವಲ್ಲ.

ನಿಷತ ಜನರನ್ನು ಸರಿಸಿಕೊಂಡು ಒಳಗೆ ಹೋದಳು. ದುರ್ಗವ್ವ ಒಲೆಯ ಮುಂದೆ ಕುಳಿತು ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಸುಮಂಗಲಾ ಒಂದು ಕೈಚೀಲದಲ್ಲಿ ಸೀರೆಗಳನ್ನು ಮಡಚಿ ಇಡುತ್ತಿದ್ದಳು. ಯಾವುದೋ ಊರಿನ ಜಾತ್ರೆಗೆ ಹೊರಟವಳ ಹಾಗೆ, ಅವಸರವಿಲ್ಲದೆ.

"ಅಕ್ಕಾ, ಹಿತ್ತಲ ಬಾಗಲ ಐತಿ. ಗಾಡಿ ತಂದೇನಿ. ಬಾಗೇವಾಡಿಗೆ ಹೋಗೂಣು, ಅಲ್ಲಿಂದ ಸೊಲ್ಲಾಪುರ. ನಾನೂ ಬರ್ತೇನಿ. ಏಳ್ರಿ."

ಸುಮಂಗಲಾ ಇವಳನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದರೆ ನಿಷತ ತಡೆದುಕೊಳ್ಳುತ್ತಿದ್ದಳು.

"ನಾ ಹೋದ್ನಿ ಅನ್ನು. ನಮ್ಮ ಅಣ್ಣನ ಹೆಣ್ತಿ, ವೈನಿ?" ಎಂದಳು. "ಆಕೀನ ಅವರ ಮನ್ಯಾಗ ಕೂಡಿಸ್ಯಾರಂತ. ಎದಿಹಾಲ ಬಟ್ಟಿ ಮ್ಯಾಲೆ ಸೋರತೈತಂತ, ಕೂಸ ಇಲ್ಲ. ಅಣ್ಣ ಹೇಳಿಕೋತ ಅತ್ತ. ಸಣ್ಣವರಿದ್ದಾಗ ಬಿಟ್ಟರ ಅವ ಅತ್ತದ್ದ ನಾ ನೋಡಿಲ್ಲ."

"ಪೊಲೀಸರಿಗೆ ಹೇಳೂಣಲ್ಲ..."

"ಪೊಲೀಸರು ನನ್ನ ಇಟಗೊಂತಾರ. ಕೂಸಿಗೆ ಹಾಲ ಅವರ ಕುಡಸ್ತಾರೇನು?"

ನಿಷತ ಸುಮಂಗಲಾಳ ಕಾಲು ಹಿಡಿಯಲು ಬಾಗಿದಳು. ಸುಮಂಗಲಾ ಅವಳ ತೋಳು ಹಿಡಿದು ಎಬ್ಬಿಸಿದಳು.

"ತಪ್ಪು ನಂದಕ್ಕಾ. ನಾ ಆಣಿ ಇಟ್ಟಿದ್ದೆ."

"ಹೌದು, ಇಟ್ಟಿದ್ದಿ," ಎಂದಳು ಸುಮಂಗಲಾ. ಚೀಲದ ಬಾಯಿ ಕಟ್ಟಿ, ದುರ್ಗವ್ವನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಹೊರಗೆ ನಡೆದಳು. ರೋಷನಬಿ ಬಾಗಿಲಲ್ಲಿ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಸುಮಂಗಲಾ ಅಳಲಿಲ್ಲ.

ಜೀಪಿನ ಹತ್ತಿರ ಬಂದಾಗ ಪ್ರೇಮಕುಮಾರ ಮರ್ಯಾದೆಯಿಂದ ಸರಿದು ನಿಂತು ಬಾಗಿಲು ತೆಗೆದ. ನಿಷತ ಅಭ್ಯಾಸದಂತೆ ಹೆಗಲಿಗೆ ಹಾಕಿಕೊಂಡು ಬಂದಿದ್ದ ಕ್ಯಾಮರಾದ ಬ್ಯಾಗು ಅವನ ಕಣ್ಣಿಗೆ ಬಿತ್ತು. ಎರಡೂ ಕೈ ಮುಗಿದ.

"ಫೋಟೊ ತಗದಾವ್ರು ನೀವ ಏನ್ರಿ? ನಿಮ್ಮ ಉಪಕಾರ ಮರಿಯಂಗಿಲ್ರಿ. ಎಷ್ಟ್ ಊರ ತಿರಗೇನಿ ನಾ ಇಕಿ ಸಲುವಾಗಿ."

ಥೂ ಎಂದು ಉಗಿಯಬೇಕೆನಿಸಿತು ನಿಷತಳಿಗೆ. ಬಾಯಿ ಒಣಗಿತ್ತು.

ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಸುಮಂಗಲಾ ತಿರುಗಿದಳು. "ನಿಷತ," ಎಂದಳು, "ಆ ಫೋಟೊ ಎಲ್ಲಾರೂ ನೋಡ್ಯಾರಂತ. ನಾ ಒಬ್ಬಾಕಿನ ನೋಡಿಲ್ಲ. ಹೆಂಗ ಬಂದಿತ್ತು? ತೋರಸು, ಒಮ್ಮೆ ನೋಡಿ ಹೋಗತೇನಿ."

ಇಷ್ಟಾದರೂ ತಾನು ಕೊಡಬಹುದು ಎಂದು ನಿಷತ ಆತುರದಿಂದ ಫೋನು ತೆಗೆದಳು. ಬೆರಳು ಆಡಿಸಿ ಹುಮಾಳ ಲಗ್ನದ ಫೋಲ್ಡರು ತೆರೆದಳು. ಪಂಕ್ತಿಯಲ್ಲಿ ಉಣ್ಣುವ ಗಂಡಸರು, ಮುಖಕ್ಕೆ ಹೂವಿನ ಸೇಹರಾ ಕಟ್ಟಿಕೊಂಡ ಮದುಮಗ, ಬ್ಯಾಂಡಿನವರು. 'ಒಳಗಿನೂವು' ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹೊರಡುವ ಮೊದಲು ತಾನೇ ಅಳಿಸಿದ್ದು. ಇಲ್ಲಿ ಅಳಿಸಿದರೆ ಎಲ್ಲಾ ಕಡೆಯಿಂದಲೂ ಹೋಗುತ್ತದೆ, ಹೋಗಿತ್ತು. ಕಸದ ಬುಟ್ಟಿ ತೆರೆದಳು, ಅದೂ ಖಾಲಿ. ಕಾರ್ಡಿನಲ್ಲಿ ಈಗ ಇಂಡಿ ಊರಿನ ಲಗ್ನ ತುಂಬಿಕೊಳ್ಳುತ್ತಿರಬೇಕು. ಆದರೂ ನಿಷತ ತೆರೆಯನ್ನು ಮೇಲೆ ಕೆಳಗೆ ಜಗ್ಗುತ್ತಲೇ ಇದ್ದಳು.

"ಇಲ್ಲ ಅಕ್ಕಾ," ಎಂದಳು ಕೊನೆಗೆ. "ನನ್ನ ಹಂತ್ಯಾಕ ಇಲ್ಲ."

"ನನ್ನ ಹಂತ್ಯಾಕ ಐತಿ," ಎಂದ ಪ್ರೇಮಕುಮಾರ.

ಅಂಗಿಯ ಕಿಸೆಯಿಂದ ಫೋನು ತೆಗೆದು ಹೆಂಡತಿಯ ಮುಖದ ಮುಂದೆ ಹಿಡಿದ. ಸುಮಂಗಲಾ ನೋಡಿದಳು. ಜಾರಿದ ಸೆರಗು, ಎತ್ತಿದ ಕೈಗಳು, ಹಲ್ಲು ಕಾಣುವ ಹಾಗೆ ನಗುವ ಹೆಂಗಸು. ನೋಡುತ್ತ ನೋಡುತ್ತ ಅವಳ ಕೈ ತಾನಾಗಿಯೇ ಮೇಲೆ ಹೋಗಿ ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿತು.

"ಚಲೋ ಬಂದೈತಿ," ಎಂದಳು ನಿಷತಳಿಗೆ.

ಪ್ರೇಮಕುಮಾರ ಫೋನು ಆರಿಸಿ ಕಿಸೆಗೆ ಹಾಕಿಕೊಂಡ. ಅಪ್ಪಾಸಾಬ ಯಾರ ಮುಖವನ್ನೂ ನೋಡದೆ ಹಿಂದೆ ಹತ್ತಿದ. ಜೀಪು ಹೊರಟಿತು. ಸುಮಂಗಲಾ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಅಂಗೈಯ ಮೆಹಂದಿ ಆಗಲೇ ಮಾಸಿತ್ತು, ಉಗುರುಗಳಲ್ಲಿ ಮಾತ್ರ ಕೆಂಪಗೆ ಉಳಿದಿತ್ತು. ನಾಲ್ಕು ಬೆರಳು ಸರಳನ್ನು ಸುತ್ತಿದ್ದವು. ಕಿರುಬೆರಳು ಮಡಚದೆ ಹೊರಗೆ ನಿಂತಿತ್ತು.